ಡೆಂಟು, ಡಿವಿಡೆಂಟು

ನಮ್ಮ ಭಾವನಿಗೆ ಹೊಸ ಕಾರು ಕಂಡರೆ ಏನೂ ಅನ್ನಿಸುವುದಿಲ್ಲ. ಜಜ್ಜಿದ ಕಾರು ಕಂಡರೆ ಮುಖ ಅರಳುತ್ತದೆ. ಅದರಲ್ಲಿ ಅವರ ತಪ್ಪೇನಿಲ್ಲ, ಕಸುಬೇ ಅದು. ಟಿಂಕರ್ ಕೆಲಸ. ಗುದ್ದಿಸಿಕೊಂಡು ಡೆಂಟು ಬಿದ್ದ ಬಾಗಿಲನ್ನು ಒಳಗಿನಿಂದ ಸುತ್ತಿಗೆಯಲ್ಲಿ ತಟ್ಟಿ, ಹೊರಗಿನಿಂದ ಅಂಗೈಯಲ್ಲಿ ಸವರಿ, ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು, ಅಪಘಾತವೇ ಆಗಿರಲಿಲ್ಲವೇನೋ ಅನ್ನುವ ಹಾಗೆ ಮಾಡಿಕೊಡುತ್ತಾರೆ. ಗ್ಯಾರೇಜು ಕೆಳಗೆ, ಅವರೂ ನಮ್ಮಕ್ಕನೂ ಮೊದಲನೇ ಮಹಡಿಯಲ್ಲಿ, ನಾನು ಅದರ ಮೇಲಿನ ಒಂಟಿ ಕೋಣೆಯಲ್ಲಿ. ಹಾಗಾಗಿ ಭಾವನ ಸುತ್ತಿಗೆಯೂ ಮಾತೂ ನನಗೆ ದಿನವಿಡೀ ಪುಕ್ಕಟೆ. ಎರಡರಲ್ಲಿ ಮಾತಿನದೇ ಸದ್ದು ಹೆಚ್ಚು.

ಜೋರಾಗಿ ಮಾತಾಡದೆ ಅವರಿಗೂ ಗತಿಯಿಲ್ಲ. ಅಕ್ಕನ ಕಿವಿ ಕೆಲವು ವರ್ಷಗಳಿಂದ ಮಂದ. ಅವಳೂ ನಾನೂ ಒಂದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೇವೆ. ಬಂದವರಿಗೆ ಯಾವ ಡಾಕ್ಟರೆಂದು ಚೀಟಿ ಬರೆದುಕೊಡುವ ಕಿಟಕಿ ಅವಳದು, ದುಡ್ಡು ಕಟ್ಟಿಸಿಕೊಳ್ಳುವ ಪಕ್ಕದ ಕಿಟಕಿ ನನ್ನದು. ಅವಳಿಗೆ ಆ ಕಿಟಕಿಯೆಂದರೆ ಜೀವ. ಜನರ ಮುಖ ನೋಡದ ದಿನ ಅವಳಿಗೆ ಊಟ ಸೇರುವುದಿಲ್ಲ. ಆದರೆ ಒಂದು ದಿನ ದಪ್ಪ ಮೀಸೆಯ ಮನುಷ್ಯನೊಬ್ಬ ಬಂದು "ಮೂಗಿನ ಡಾಕ್ಟ್ರು" ಅಂದ. ಇವಳಿಗೆ ಕೇಳಿಸಿದ್ದು "ಮಗುವಿನ ಡಾಕ್ಟ್ರು". ಪಾಪ, ಆತ ಅರ್ಧ ಬೆಳಿಗ್ಗೆ ಅಳುವ ಕೂಸುಗಳ ನಡುವೆ ಮೂಗು ಹಿಡಿದುಕೊಂಡು ಕೂತಿದ್ದ. ಮೇಲ್ವಿಚಾರಕಿ ಅಕ್ಕನನ್ನು ಒಳಗೆ ಕರೆದು ಹೇಳಿದರು: "ಮೂರು ತಿಂಗಳು ಟೈಮ್ ಕೊಡ್ತೀನಿ. ಕಿವಿಗೆ ಮಿಷನ್ ಹಾಕಿಸ್ಕೊಳ್ಳಿ. ಇಲ್ಲಾಂದ್ರೆ ಹಿಂದಿನ ರೆಕಾರ್ಡ್ ರೂಮಿಗೆ ಹೋಗ್ಬೇಕಾಗತ್ತೆ."

ರೆಕಾರ್ಡ್ ರೂಮಿಗೆ ಕಿಟಕಿಯೇ ಇಲ್ಲ. ಹಳೇ ಕಡತ, ಧೂಳು, ಒಂದು ಟ್ಯೂಬ್‌ಲೈಟು. ಅಕ್ಕ ಮನೆಗೆ ಬಂದು ಅತ್ತಳು. ಭಾವನ ಕಣ್ಣಲ್ಲೂ ನೀರು ಬಂತು. ಮಿಷನ್‌ಗೆ ಬೇಕಾದಷ್ಟು ದುಡ್ಡು ಬ್ಯಾಂಕಿನಲ್ಲಿತ್ತು, ಮಾರನೇ ದಿನವೇ ತರಬಹುದಿತ್ತು. ತರಲಿಲ್ಲ. ಯಾಕೆಂದರೆ ಭಾವನ ಸ್ನೇಹಿತರಿಬ್ಬರು ಅದೇ ವಾರ ಗ್ಯಾರೇಜಿನಲ್ಲಿ ಕೂತು ಷೇರಿನ ಮಾತು ತೆಗೆದರು.

ಒಬ್ಬರು ಎದುರಿನ ಔಷಧಿ ಅಂಗಡಿಯವರು, ಇನ್ನೊಬ್ಬರು ನಿವೃತ್ತ ಬಸ್ ಕಂಡಕ್ಟರು. ಮಧ್ಯಾಹ್ನ ಅಂಗಡಿ ಬಾಗಿಲು ಅರ್ಧ ಎಳೆದು, ಗ್ಯಾರೇಜಿನ ಹಳೇ ಕಾರಿನ ಸೀಟುಗಳ ಮೇಲೆ ಕೂತು ಚಹಾ ಕುಡಿಯುವುದು ಇವರ ಪದ್ಧತಿ. ವಾಹನ ವಿಮೆಯ ಒಂದು ಕಂಪನಿಯ ಷೇರು ತಗೊಳ್ಳೋಣವೇ ಬೇಡವೇ ಎಂಬುದು ಚರ್ಚೆ.

"ಈ ಧಂದೆ ಸುಲಭ ಸ್ವಾಮಿ," ಅಂದರು ಔಷಧಿಯವರು. "ಜನ ದುಡ್ಡು ಮೊದಲೇ ಕಟ್ತಾರೆ. ಗಾಡಿ ಗುದ್ದಿದ್ರೆ ತಾನೇ ವಾಪಸ್ ಕೊಡೋದು? ಅಲ್ಲೀವರೆಗೆ ಆ ದುಡ್ಡು ಬಡ್ಡಿ ಮರಿ ಹಾಕ್ತಿರತ್ತೆ. ಹೋದ ವರ್ಷ ಷೇರಿನವರಿಗೆ ಲಾಭ ಹಂಚಿ ಒಳ್ಳೇ ಡಿವಿಡೆಂಡ್ ಕೊಟ್ಟಿದ್ದಾರೆ."

"ನಮ್ಮ ಬಸ್ ಪಾಸ್ ಇದ್ದ ಹಾಗೆ," ಅಂದರು ಕಂಡಕ್ಟರು. "ಪಾಸು ತಗೊಂಡೋರೆಲ್ಲ ದಿನಾ ಹತ್ತಿದ್ರೆ ಬಸ್ಸು ಮುಳುಗ್ತು. ಪಾಸು ಜೇಬಲ್ಲಿಟ್ಕೊಂಡು ಮನೇಲಿ ಮಲಗೋರಿಂದ ಲಾಭ. ಆದ್ರೆ ಲಾಭ ಬಂತು ಅಂತ ಹಂಚಲೇಬೇಕು ಅಂತೇನಿಲ್ಲ ಮಾರಾಯ್ರೆ. ನಮ್ಮ ಸಾಹೇಬ್ರು ಲಾಭ ಬಂದ ವರ್ಷ ನಮಗೆ ಕೊಟ್ಟಿದ್ದು ಒಂದು ಹೊಸ ಸೀಟಿ."

ಈ ಕೊನೆಯ ಮಾತನ್ನು ಭಾವ ಕೇಳಿಸಿಕೊಳ್ಳಲೇ ಇಲ್ಲ. ಮನೆಯಲ್ಲಿ ಕಿವಿ ಕೇಳದವರು ಒಬ್ಬರೇ ಅಂತ ಯಾರು ಹೇಳಿದ್ದು? ಅವರ ತಲೆಯಲ್ಲಿ ಡಿವಿಡೆಂಡು ಆಗಲೇ ಡಿವಿಡೆಂಟಾಗಿ ಕೂತಿತ್ತು. ಡೆಂಟಿನ ಜೊತೆ ಬದುಕಿದವರ ನಾಲಿಗೆಗೆ ಅದು ಬೇರೆ ಹೇಗೆ ಬರಬೇಕು! ರಾತ್ರಿ ಊಟಕ್ಕೆ ಕೂತಾಗ ಅಕ್ಕನನ್ನು ಕೇಳಿದರು:

"ಆ ದುಡ್ಡಲ್ಲಿ ಷೇರು ತಗೊಳ್ಲೇನೇ?"

"ಚೇರಾ? ಬೇಕೇ ಬೇಕು. ಬಂದೋರು ಆ ಹರಕು ಸೀಟಲ್ಲಿ ಕೂತ್ಕೊಳ್ಳೋದು ನೋಡೋಕಾಗಲ್ಲ. ತಗೊಳ್ಳಿ," ಅಂದಳು ಅಕ್ಕ.

ಅಪ್ಪಣೆ ಸಿಕ್ಕಿತು. ಮಾರನೇ ದಿನ ಕಿವಿಯ ದುಡ್ಡೆಲ್ಲ ವಿಮಾ ಕಂಪನಿಗೆ ಹೋಯಿತು. ವಾರವಾದರೂ ಗ್ಯಾರೇಜಿಗೆ ಒಂದು ಸ್ಟೂಲೂ ಬರಲಿಲ್ಲ. "ಎಲ್ರೀ ಚೇರು?" ಎಂದು ಅಕ್ಕ ಕೇಳಿದಳು. "ಅದು ಕಣ್ಣಿಗೆ ಕಾಣಲ್ಲ ಕಣೇ, ಕಂಪ್ಯೂಟರಲ್ಲಿರತ್ತೆ," ಎಂದರು ಭಾವ. ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಆವತ್ತು ಜೋರಾಗಿದ್ದದ್ದು ಅಕ್ಕನ ಗಂಟಲು. ಕೊನೆಗೆ ಭಾವ ಎದೆ ತಟ್ಟಿಕೊಂಡು, "ಮಿಷನ್ ಒಂದು ಕಿವಿಗಲ್ಲ, ಎರಡೂ ಕಿವಿಗೆ! ಅವಧಿ ಮುಗಿಯೋದ್ರೊಳಗೆ ಡಿವಿಡೆಂಟ್ ಬರತ್ತೆ, ಷೇರೂ ಏರತ್ತೆ, ಮಾರಿ ಎರಡು ತರ್ತೀನಿ!" ಅಂದರು. ಎರಡು ಅಂದಮೇಲೆ ಅಕ್ಕನಿಗೂ ಆಸೆ ಹತ್ತಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ, ಅದೂ ಎರಡೆರಡು.

ಭಾವನ ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ. ಅಲ್ಲಿಯವರೆಗೆ ಯಾರ ಕಾರು ಎಲ್ಲಿ ಜಜ್ಜಿದರೂ ಅವರ ಮನೆಯ ದೀಪ ಉರಿಯುತ್ತಿತ್ತು. ಈಗ ಪ್ರತಿ ಡೆಂಟೂ ಅವರ ಡಿವಿಡೆಂಟನ್ನು ಕಚ್ಚುತ್ತಿತ್ತು. "ಡೆಂಟಿದ್ರೆ ಡಿವಿಡೆಂಟಿಲ್ಲ, ಡಿವಿಡೆಂಟ್ ಬೇಕಂದ್ರೆ ಡೆಂಟಿಲ್ಲ," ಎಂದು ತಮ್ಮಷ್ಟಕ್ಕೆ ಗೊಣಗುತ್ತಾ ಬಾಗಿಲು ತಟ್ಟುವುದನ್ನು ನಾನೇ ಮೇಲಿನಿಂದ ಕೇಳಿದ್ದೇನೆ.

ಗಿರಾಕಿ ಬಂದರೆ ಮೊದಲ ಪ್ರಶ್ನೆ, "ಯಾವ ಕಂಪನಿ ಇನ್ಶೂರೆನ್ಸು?" ಬೇರೆ ಕಂಪನಿ ಆದರೆ ಮುಖ ಮಾಮೂಲಿನಂತೆ ಅರಳುತ್ತಿತ್ತು, "ಬನ್ನಿ ಬನ್ನಿ, ಬಂಪರ್ ಹೊಸದೇ ಹಾಕೋಣ." ತಮ್ಮ ಕಂಪನಿ ಆದರೆ, "ಇದೇನು ಮಹಾ ಸ್ವಾಮಿ, ಎರಡು ಪೆಟ್ಟಿನ ಕೆಲಸ. ಇದಕ್ಕೆಲ್ಲ ಕ್ಲೇಮು ಅಂತ ಯಾಕೆ ಹೋಗ್ತೀರ? ಚಹಾ ಕಾಸು ಕೊಡಿ ಸಾಕು." ಇಡೀ ದಿನ ಬೆವರು ಸುರಿಸಿ ಒಂದು ವ್ಯಾನನ್ನು ಹೀಗೆ ಚಹಾ ಕಾಸಿಗೆ ಸರಿಮಾಡಿ ಕಳಿಸಿದರು. ಊರಿಗೆ ಉಪಕಾರಿ, ಮನೆಗೆ ಮಾರಿ! ಹೊರಡುವ ಡ್ರೈವರ್‌ಗಳಿಗೆಲ್ಲ ಉಪದೇಶ ಬೇರೆ: "ನಿಧಾನ ಹೋಗಪ್ಪಾ, ನಿನ್ನ ಹಿಂದೆ ಒಂದು ಸಂಸಾರ ಇದೆ." ತನ್ನ ಸಂಸಾರ ಅಂದುಕೊಂಡು ಆ ವ್ಯಾನಿನ ಡ್ರೈವರ್ ಕೈ ಮುಗಿದ. ಇವರು ಹೇಳಿದ್ದು ತಮ್ಮದರ ಬಗ್ಗೆ.

ವಿಮಾ ಕಂಪನಿಯ ಸರ್ವೇಯರು ಬಂದ ದಿನವಂತೂ ನಾನು ರಜೆಯಲ್ಲಿದ್ದೆ, ಪುಣ್ಯ. ಮೇಲಿನ ಬಾಲ್ಕನಿಯಲ್ಲಿ ನಿಂತು ಎಲ್ಲ ನೋಡಿ ನಕ್ಕೆ. ಜಜ್ಜಿದ್ದನ್ನು ನೋಡಿ ಎಷ್ಟು ಕೊಡಬಹುದೆಂದು ತೀರ್ಮಾನಿಸುವುದು ಆತನ ಕೆಲಸ. ಟಿಂಕರ್ ಹೆಚ್ಚು ಹೇಳುವುದು, ಸರ್ವೇಯರ್ ಕಡಿಮೆ ಮಾಡುವುದು, ಲೋಕಾರೂಢಿ. ಮುಂಭಾಗ ಪೂರ್ತಿ ಒಳಹೋದ ಕಾರೊಂದರ ಅಂದಾಜು ಪಟ್ಟಿ ನೋಡಿ ಆತ ಕನ್ನಡಕ ತೆಗೆದು ಒರೆಸಿಕೊಂಡ.

"ಇಷ್ಟೇನಾ? ಬರೀ ಬಾನೆಟ್ಟಿಗೇ ಇಷ್ಟಾಗತ್ತಲ್ರೀ."

"ಬಾನೆಟ್ ಬದಲಾಯಿಸಲ್ಲ. ತಟ್ಟಿ ನೆಟ್ಟಗೆ ಮಾಡ್ತೀನಿ."

"ಅದು ಸೊಪ್ಪಿನ ಕಟ್ಟಿನ ಹಾಗೆ ಮಡಚ್ಕೊಂಡಿದೆ! ಹೊಸದು ಹಾಕಿ, ನಾನು ಪಾಸ್ ಮಾಡ್ತೀನಿ."

"ಸುಮ್ನಿರಿ ಸಾರ್, ಯಾರಪ್ಪನ ಮನೆ ದುಡ್ಡು ಅಂತ ದುಂದು ಮಾಡ್ತೀರಿ?"

ಮೂವತ್ತು ಗ್ಯಾರೇಜು ಸುತ್ತಿದ ಸರ್ವೇಯರಿಗೆ ಹೆಚ್ಚು ಬರೆದವರ ಮೇಲೆ ಅನುಮಾನ ಬಂದದ್ದುಂಟು, ಕಡಿಮೆ ಬರೆದವರ ಮೇಲೆ ಬಂದದ್ದು ಅದೇ ಮೊದಲು. ಕಾರಿನ ಸುತ್ತ ನಾಲ್ಕು ಸಲ ತಿರುಗಿ, ಕೆಳಗೆ ಬಗ್ಗಿ, ಏನು ಮೋಸವಿರಬಹುದೆಂದು ಹುಡುಕಿ, ಸುಸ್ತಾಗಿ ಹೋದ. ಆ ಕಾರಿನ ಮಾಲೀಕನೂ ಮಾರನೇ ದಿನ ಗಾಡಿ ಎಳೆಸಿಕೊಂಡು ಬೇರೆ ಗ್ಯಾರೇಜಿಗೆ ಹೋದ. ಎರಡು ದೋಣಿಯ ಮೇಲೆ ಕಾಲಿಟ್ಟವರ ಹಣೆಬರಹ.

"ಭಾವ, ನೀವೊಬ್ಬರು ಉಳಿಸಿದ್ರೆ ಕಂಪನಿಗೆ ಗೊತ್ತಾಗತ್ತಾ?" ಅಂತ ಕೇಳಿದೆ.

"ಹನಿ ಹನಿ ಕೂಡಿದ್ರೆ ಹಳ್ಳ," ಅಂದರು ಗಂಭೀರವಾಗಿ.

ಅಕ್ಕ ಮಾತ್ರ ದಿನ ದಿನಕ್ಕೆ ಸೊರಗುತ್ತಿದ್ದಳು. ಬಂದವರ ತುಟಿಯನ್ನೇ ನೋಡಿ ನೋಡಿ ಸಂಜೆ ಹೊತ್ತಿಗೆ ಕಣ್ಣು ಕೆಂಪಾಗುತ್ತಿತ್ತು. ಅನುಮಾನ ಬಂದಾಗೆಲ್ಲ ನನ್ನ ಕಡೆ ತಿರುಗುತ್ತಿದ್ದಳು, ನಾನು ಸದ್ದಿಲ್ಲದೆ ಬೆರಳಲ್ಲಿ ತೋರಿಸುತ್ತಿದ್ದೆ: ಹಲ್ಲು, ಹೊಟ್ಟೆ, ಮೊಣಕಾಲು. ರೆಕಾರ್ಡ್ ರೂಮಿನಲ್ಲಿ ಅವಳಿಗೆ ಆಗಲೇ ಮೇಜು ಒರೆಸಿಟ್ಟಿದ್ದರು. ಆ ಮೇಜು ಕಂಡ ದಿನ ನನಗೆ ಭಾವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅವಧಿಗೆ ಎರಡು ದಿನ ಬಾಕಿಯಿರುವಾಗ ಕಂಪನಿಯ ಲೆಕ್ಕ ಹೊರಬಿತ್ತು. ಔಷಧಿಯವರು ಮೊಬೈಲ್ ಹಿಡಿದು ರಸ್ತೆ ದಾಟಿ ಓಡಿ ಬಂದರು.

"ಲಾಭ ಭಾರಿ ಏರಿದೆ! ಕ್ಲೇಮು ಇಳಿದಿದೆ!"

"ನಾನು ಹೇಳಿರ್ಲಿಲ್ವಾ!" ಭಾವ ಸುತ್ತಿಗೆ ಬಿಸಾಕಿ ಕುಣಿದರು.

ಔಷಧಿಯವರು ಬೆರಳಲ್ಲಿ ಪರದೆ ಸರಿಸಿದರು. ದನಿ ಇಳಿಯಿತು. "ಡಿವಿಡೆಂಡ್... ಈ ವರ್ಷ ಇಲ್ಲವಂತೆ. ಲಾಭ ಎಲ್ಲಾ ಹೊಸ ಶಾಖೆ ತೆಗೆಯೋಕಂತೆ."

"ನಾನು ಚಹಾ ಕಾಸಿಗೆ ವ್ಯಾನ್ ತಟ್ಟಿ ಉಳಿಸಿಕೊಟ್ಟ ದುಡ್ಡಲ್ಲಿ ಶಾಖೆ ತೆಗೀತಾರಾ?" ಭಾವನ ಕೂಗಿಗೆ ಎದುರು ಮನೆಯ ಬಾಗಿಲು ತೆರೆಯಿತು.

ಕಂಡಕ್ಟರು ಚಹಾ ಲೋಟ ಕೆಳಗಿಟ್ಟು, "ನಮಗೆ ಸೀಟಿಯಾದ್ರೂ ಕೊಟ್ಟಿದ್ರು," ಅಂದರು.

ಡಿವಿಡೆಂಡಿಗಾಗಿ ಕಾದಿದ್ದವರೆಲ್ಲ ಮಾರತೊಡಗಿದ್ದರಿಂದ ಷೇರಿನ ಬೆಲೆಯೂ ಇಳಿಯಿತು. ಭಾವ ಆವತ್ತೇ ಮಾರಿದರು. ಹಾಕಿದ್ದಕ್ಕಿಂತ ಕಡಿಮೆ ಬಂತು, ಆದರೂ ಒಂದು ಕಿವಿಗೆ ಸಾಲುತ್ತಿತ್ತು. ಮರುದಿನ ಬೆಳಿಗ್ಗೆ ಒಗೆದ ಅಂಗಿ ತೊಟ್ಟು ಆಸ್ಪತ್ರೆಗೇ ಬಂದರು, ಅಕ್ಕನ ಕಿಟಕಿಯ ಸಾಲಿನಲ್ಲಿ ನಿಂತರು. ಹಿಂದೆ ಹತ್ತಾರು ಜನ. ತಮ್ಮ ಸರದಿ ಬಂದಾಗ ಗಾಜಿನ ತೂತಿಗೆ ಬಾಯಿಟ್ಟು ಮೆಲ್ಲಗೆ ಹೇಳಿದರು:

"ತಪ್ಪಾಯ್ತು ಕಣೇ."

ಅಕ್ಕ ತಲೆಯೆತ್ತಿದಳು. "ಏನಾಯ್ತು?"

"ತಪ್ಪಾಯ್ತು."

"ಕೆಪ್ಪಾಯ್ತಾ? ಯಾವ ಕಿವಿ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭಾವನ ಮುಖ ಬಣ್ಣಕ್ಕೆ ಮುಂಚೆ ಕೆಂಪು ಪ್ರೈಮರ್ ಹೊಡೆದ ಬಾಗಿಲಿನಂತಾಯಿತು. ಉಸಿರೆಳೆದುಕೊಂಡು, ಗ್ಯಾರೇಜಿನ ದನಿಯಲ್ಲಿ ಕೂಗಿಯೇ ಬಿಟ್ಟರು: "ತಪ್ಪಾಯ್ತು! ನಂದೇ ತಪ್ಪು! ಷೇರು ಮಾರಿದೆ! ದುಡ್ಡು ನಾಳೆ ಕೈಗೆ ಬರತ್ತೆ! ಮಿಷನ್‌ಗೆ ಇವತ್ತೇ ಅಳತೆ ಕೊಡೋಣ ಬಾ!"

ಇಡೀ ಹಜಾರ ತಿರುಗಿ ನೋಡಿತು. ಮೇಲ್ವಿಚಾರಕಿಯೂ ಹೊರಬಂದು ನೋಡಿ, ನಕ್ಕು, "ಹೋಗಿ ಬನ್ನಿ, ನಾಳೆವರೆಗೆ ಕಿಟಕಿ ನಿಮ್ಮದೇ," ಎಂದು ಅಕ್ಕನಿಗೆ ಕೈಸನ್ನೆ ಮಾಡಿದರು. ಭಾವ ತಲೆ ತಗ್ಗಿಸಿ ಕಿವಿ ಡಾಕ್ಟರ ಕೋಣೆಯ ಮುಂದೆ ಹೋಗಿ ಕೂತರು.

ಅಕ್ಕ ಪೆನ್ನಿನ ಕ್ಯಾಪು ಹಾಕಿ ಎದ್ದಳು. ಅವಳ ಕಣ್ಣು ತುಂಬಿತ್ತು. ನಾನು ಅವಳಿಗೆ ಕಾಣುವ ಹಾಗೆ ತುಟಿಯಾಡಿಸಿ ಕೇಳಿದೆ, "ನಿಜವಾಗ್ಲೂ ಕೇಳಿಸ್ಲಿಲ್ವೇನೇ?"

"ಮೊದಲನೇ ಸಲಾನೇ ಗೊತ್ತಾಯ್ತು," ಅಂದಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ಮದುವೆ ಆದಾಗಿನಿಂದ ಆ ಬಾಯಲ್ಲಿ ಆ ಮಾತು ಬಂದಿದ್ದು ಇವತ್ತೇ ಕಣೇ. ಮಿಷನ್ ಹಾಕ್ಕೊಂಡ ಮೇಲೆ ಇನ್ನೊಂದ್ಸಲ ಹೇಳಿ ಅಂತ ಕೇಳೋಕಾಗತ್ತಾ?"