ನಾಲ್ಕು ಸ್ವರ, ನಿಲ್ಲಿಸುವಂತಿಲ್ಲ

ನನ್ನ ಗೆಳೆಯ ರಚಿಸಿದ ಆ ಸಂಗೀತದಲ್ಲಿ ಇದ್ದದ್ದು ನಾಲ್ಕೇ ಸ್ವರ. ಅವನ್ನೇ ನಾನು ಕೀಬೋರ್ಡಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ನುಡಿಸಬೇಕು, ನಡುವೆ ನಿಲ್ಲಿಸಕೂಡದು. ಅದಕ್ಕಾಗಿ ದೊಡ್ಡಮಳೂರಿನಲ್ಲಿ ಒಂದು ಸಮುದಾಯ ಭವನ ಹಿಡಿದಿದ್ದ. ಬೆಂಗಳೂರಿನಿಂದ ಬಂದ ಕೇಳುಗರು ಕಣ್ಣು ಮುಚ್ಚಿ ಕೂತಿದ್ದರು. ಧ್ಯಾನವೋ ನಿದ್ದೆಯೋ, ನಾನು ವಿಚಾರಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ, ಕುಡಿದಿದ್ದ ಎಳನೀರು ತನ್ನ ಕೆಲಸ ಶುರುಮಾಡಿತು. ನಾನು ಕಾಲು ಕುಣಿಸುತ್ತ ನುಡಿಸುವುದನ್ನು ನೋಡಿ, ಭವನದ ಕಸ ಗುಡಿಸುವ ಪುಟ್ಟಮ್ಮ ಪೊರಕೆ ಹಿಡಿದೇ ಹತ್ತಿರ ಬಂದರು.

"ಯಾವ ದ್ಯಾವ್ರ ಹರಕೆನಪ್ಪಾ ಇದು?"

"ಹರಕೆ ಅಲ್ಲಮ್ಮ, ಸಂಗೀತ. ನಿಲ್ಲಿಸೋ ಹಾಗಿಲ್ಲ."

"ಅಖಂಡ ಭಜನೆ ಅನ್ನು ಮತ್ತೆ! ಅದ್ನ ಒಬ್ರೇ ಮಾಡ್ತಾರಾ? ಏಳು, ಹೋಗ್ಬುಟ್ಟು ಬಾ."

ಸೆರಗಿಗೆ ಕೈ ಒರೆಸಿಕೊಂಡು, ನಾನು ಏಳುವ ಮೊದಲೇ ಅದೇ ನಾಲ್ಕು ಕೀ ಒತ್ತತೊಡಗಿದರು. ಒಂದೂ ತಪ್ಪಲಿಲ್ಲ. ತಪ್ಪುವುದಕ್ಕೆ ಅದರಲ್ಲಿ ಇರುವುದಾದರೂ ಏನು? ತಡೆಯಲು ಎದ್ದ ಗೆಳೆಯ ಮತ್ತೆ ಕೂತ, ಸಂಗೀತವೇನೂ ನಿಂತಿರಲಿಲ್ಲವಲ್ಲ.

ನಾನು ಹಗುರಾಗಿ ಬರುವಷ್ಟರಲ್ಲಿ ಕೀಬೋರ್ಡಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಮುಂದೆ ಹಾಲಿನ ಡೇರಿಯ ಸಿದ್ದಣ್ಣ ನುಡಿಸುತ್ತ ಕೂತಿದ್ದರು. ಅವರ ಹಿಂದೆ ಊರಿನ ಹತ್ತಾರು ಜನ ಕೈಕಾಲು ತೊಳೆದು ಸಾಲಾಗಿ ನಿಂತಿದ್ದರು.

"ಬಿಡಿ, ಇನ್ನು ನಾನು ನುಡಿಸ್ತೀನಿ," ಅಂದೆ.

ಸಿದ್ದಣ್ಣ ತಿರುಗಿಯೂ ನೋಡಲಿಲ್ಲ. "ಒಸಿ ಹಿಂದ್ಗಡೆ ನಿಂತ್ಕಳಿ ಸಾ. ಎಲ್ರೂ ಕಾಯ್ತಾವ್ರೆ."

ನನ್ನ ಸರದಿ ಬಂದಾಗ ಸಂಜೆಯಾಗಿತ್ತು. ಒಂದು ಸ್ವರ ಬದಲಾಯಿಸು ಅಂದರೂ ಮೈಮೇಲೆ ಏರಿ ಬರುತ್ತಿದ್ದ ಗೆಳೆಯ ಅಲ್ಲಿರಲಿಲ್ಲ. ಮಂಗಳಾರತಿ ಆದಮೇಲೆ ಪ್ರಸಾದ ಏನು ಅಂತ ಪುಟ್ಟಮ್ಮ ಅವನನ್ನು ಕೇಳಿದ್ದರಂತೆ. ಚಿತ್ರಾನ್ನ ತರಲು ಚನ್ನಪಟ್ಟಣಕ್ಕೆ ಓಡಿದ್ದ.