ಮೆಲ್ಬೋರ್ನ್ ಪಂದ್ಯಗಳ ವಾರ ಮತ್ತು ಒಂದು ಬಲಗಾಲ ಬೂಟು

೧೯೫೬ರ ಡಿಸೆಂಬರ್ ೧, ಶನಿವಾರ, ಮೆಲ್ಬೋರ್ನ್ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತ ಆಸ್ಟ್ರೇಲಿಯಾವನ್ನು ೪–೨ರಿಂದ ಸೋಲಿಸಿತು. ಪತ್ರಿಕೆ ಶಿವಮೊಗ್ಗದ ಬಸ್ಸಿನಲ್ಲಿ ಬರಬೇಕು. ಹಾಗಾಗಿ ಶಿಕಾರಿಪುರದಲ್ಲಿ ನಮಗೆ ತಿಳಿದದ್ದು ಮರುದಿನ ಮಧ್ಯಾಹ್ನ. ಆಟ ನಡೆದ ತಾರೀಕು, ಸುದ್ದಿ ಮುಟ್ಟಿದ ತಾರೀಕು ಎರಡನ್ನೂ ಡೈರಿಯಲ್ಲಿ ಬರೆದಿಟ್ಟೆ.

ನಾನಾಗ ತಾಲ್ಲೂಕು ಕಚೇರಿಯಲ್ಲಿ ಹೊಸ ಗುಮಾಸ್ತ, ಊರಿನ ತಂಡಕ್ಕೆ ಗೋಲ್‌ಕೀಪರ್. ನಮ್ಮ ಮುಂಚೂಣಿ ಆಟಗಾರ ಮಂಡಿಪೇಟೆಯ ಹಿಂದೆ ಎತ್ತುಗಳಿಗೆ ಲಾಳ ಕಟ್ಟುವವನು. ಅದು ಅವರ ಮನೆತನದ ಕಸುಬು. ಎತ್ತನ್ನು ಕೆಡವಿ ನಾಲ್ಕೂ ಕಾಲು ಬಿಗಿದು ಲಾಳ ಬಡಿಯುತ್ತಾರೆ. ದೀಪಾವಳಿಯ ಹೊತ್ತಿಗೆ ಒಮ್ಮೆ ಹಗ್ಗ ಜಾರಿ, ಎದ್ದ ಎತ್ತು ಅವನ ಬಲಗಾಲಿನ ಹೆಬ್ಬೆರಳನ್ನೇ ತುಳಿದಿತ್ತು. ನಾವೆಲ್ಲ ಆಡುತ್ತಿದ್ದದ್ದು ಬರಿಗಾಲಿನಲ್ಲಿ. ಚೆಂಡು ತಾಗಿದರೆ ಸಾಕು, ಅವನು ಅಲ್ಲೇ ಕೂತುಬಿಡುತ್ತಿದ್ದ. ಒಂಬತ್ತನೇ ತಾರೀಕು ಆನವಟ್ಟಿಯವರ ಮೇಲೆ ವರ್ಷದ ಪಂದ್ಯ. ಈ ಸಲ ಅವನನ್ನು ಕೈಬಿಡುವುದೆಂದು ತಂಡದಲ್ಲಿ ಮಾತಾಗಿತ್ತು. ಅದು ಅವನ ಕಿವಿಗೂ ಬಿದ್ದಿತ್ತು.

ಆಸ್ಟ್ರೇಲಿಯಾದ ಸುದ್ದಿಯನ್ನು ಓದಿ ಹೇಳಿದಾಗ ಅವನು ಕೇಳಿದ್ದು ಒಂದೇ.

"ನಮ್ಮೋರು ಬೂಟ್ ಹಾಕ್ಕಂಡಿದ್ರೇನ್ರೀ?"

"ಹೌದು. ನಾಲ್ಕು ವರ್ಷದ ಹಿಂದಿನ ಒಲಿಂಪಿಕ್ಸಲ್ಲಿ ಸುಮಾರು ಜನ ಬರಿಗಾಲಲ್ಲಿ ಆಡಿದ್ರು. ಯುಗೊಸ್ಲಾವಿಯ ಹತ್ತು ಗೋಲು ಹೊಡೀತು. ನಮ್ದು ಒಂದು."

"ಈ ಸಲ ಅವ್ರು ಸಿಗ್ತಾರೇನು?"

"ಮಂಗಳವಾರ ಅವ್ರ ಮೇಲೇ ಐತಿ."

ಅವನು ಸುತ್ತಿಗೆ ಕೆಳಗಿಟ್ಟು ಯೋಚನೆಗೆ ಬಿದ್ದ.

ಬುಧವಾರ ಪತ್ರಿಕೆ ಬಂತು. ನಮ್ಮವರು ಸೋತಿದ್ದರು, ೪–೧. ಆದರೆ ಮೊದಲ ಗೋಲು ನಮ್ಮದೇ. ಹತ್ತು ಗೋಲು ತಿಂದ ತಂಡ ಅದೇ ಎದುರಾಳಿಯನ್ನು ಹಿಂದೆ ಹಾಕಿ ಸ್ವಲ್ಪ ಹೊತ್ತಾದರೂ ಆಡಿತ್ತು ಎಂಬುದು ನನಗೆ ಗೆಲುವಿಗಿಂತ ದೊಡ್ಡದಾಗಿ ಕಂಡಿತು. ಅವನಿಗೆ ಹೇಳಲು ಹೋದರೆ ಅವನ ಮುಂದೆ ಸಂತೆಯಿಂದ ತಂದ ಹಳೆಯ ಬೂಟೊಂದು ಬೋರಲಾಗಿ ಬಿದ್ದಿತ್ತು. ಬಲಗಾಲಿನದು ಮಾತ್ರ. ಅಡಿಯ ಅಟ್ಟೆಗೆ ಎತ್ತಿನ ಲಾಳ ಬಡಿದಿದ್ದ, ಗೊರಸಿಗೆ ಬಡಿಯುವಂತೆಯೇ ಎರಡು ಹೋಳಾಗಿ.

"ಎಡಗಾಲಿಗೆ?"

"ಅದಕ್ಕೇನಾಗೈತಿ? ಚೆನ್ನಾಗೈತಲ್ಲ."

ಆ ಸಂಜೆ ಅಭ್ಯಾಸದಲ್ಲಿ ಅವನು ಚೆಂಡನ್ನು ತಡೆಯಲು ಅದರ ಮೇಲೆ ಕಾಲಿಟ್ಟ. ಚೆಂಡಿನ ಚರ್ಮ ಒಂದು ಗೇಣು ಸೀಳಿತು. ಇದ್ದದ್ದು ಅದೊಂದೇ ಚೆಂಡು. ಯಾರೂ ಬೈಯಲಿಲ್ಲ, ಅವನೇ ಕೂತು ಹೊಲಿದ. ಲಾಳ ಮಾತ್ರ ಕೀಳಲಿಲ್ಲ. "ಚೆಂಡೇ ಹಳೇದು," ಎಂದ.

ಭಾನುವಾರ ಆನವಟ್ಟಿಗೆ ಬಸ್ಸಿನಲ್ಲಿ ಹೋದೆವು. ಅಲ್ಲಿನ ನಾಯಕ ಅಡಿಕೆ ಬೆಳೆಗಾರರ ಮನೆಯವನು, ಎರಡೂ ಕಾಲಿಗೆ ಒಳ್ಳೆಯ ಬೂಟು ತೊಟ್ಟಿದ್ದ. ಕಬ್ಬಿಣದ ಸದ್ದು ಕೇಳಿ ಹತ್ತಿರ ಬಂದ.

"ಏನ್ ಮಾರಾಯ, ಚೆಂಡಾಡಕ್ಕೆ ಬಂದಿದೀಯೋ ಗಾಡಿ ಎಳೆಯಕ್ಕೋ? ಇದ್ರಲ್ಲಿ ಒದ್ರೆ ನಮ್ಮ ಹುಡುಗ್ರ ಮೊಣಕಾಲು ಉಳಿತದಾ?"

ರೆಫರಿಯಾಗಿದ್ದ ಮೇಷ್ಟ್ರು ಬೂಟನ್ನು ತಿರುವಿ ನೋಡಿ ತಲೆಯಾಡಿಸಿದರು. ಬಿಚ್ಚಿ ಆಡು, ಇಲ್ಲವೇ ಹೊರಗೆ ಕೂರು ಎಂದರು. ಅವನು ಬರಿಗಾಲನ್ನು ನೆಲಕ್ಕೆ ಊರಿ ನೋಡಿದ. ನೋವಿಗೆ ಮುಖ ಕಿವುಚಿದ. ನಮ್ಮಲ್ಲೊಬ್ಬ ಆಗಲೇ ಅವನ ಬದಲಿಗೆ ಇಳಿಯಲು ಲುಂಗಿ ಬಿಚ್ಚುತ್ತಿದ್ದ.

"ನಿಮ್ ಬೂಟಿನ ಅಡಿ ಒಂಚೂರು ತೋರಿಸ್ರೀ," ಎಂದು ಲಾಳ ಕಟ್ಟುವವನು ಎದುರಾಳಿ ನಾಯಕನನ್ನೇ ಕೇಳಿದ.

ನಾಯಕ ಕುದುರೆಯಂತೆ ಕಾಲೆತ್ತಿ ತೋರಿಸಿದ. ಅಟ್ಟೆಯಲ್ಲಿದ್ದದ್ದು ಕಬ್ಬಿಣವಲ್ಲ, ಒಂದರ ಮೇಲೊಂದು ಕೂರಿಸಿದ ಚರ್ಮದ ಬಿಲ್ಲೆಗಳು. ನಮ್ಮವನು ಚೀಲದಿಂದ ಇಕ್ಕಳ ತೆಗೆದು ಲಾಳ ಕಿತ್ತ. ತನ್ನ ಸೊಂಟದ ಚರ್ಮದ ಪಟ್ಟಿಯನ್ನು ಬಿಚ್ಚಿ ಬಿಲ್ಲೆಗಳಾಗಿ ತುಂಡು ಮಾಡಿದ. ಅವನ್ನು ಅಟ್ಟೆಗೆ ಬಡಿಯುವಾಗ ಬೂಟು ಜಾರತೊಡಗಿತು. ಆಗ ಆನವಟ್ಟಿಯ ನಾಯಕನೇ ಕುಕ್ಕರುಗಾಲಿನಲ್ಲಿ ಕೂತು ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ.

"ನನ್ ಬೆರಳಿಗೆ ಬಡೀಬೇಡ ಮತ್ತೆ."

"ಹೊಸ ಎತ್ತು, ಸ್ವಲ್ಪ ಬೆದರ್ತೈತಿ," ಎಂದು ನಮ್ಮವನು ಅವನತ್ತ ನೋಡದೆಯೇ ಹೇಳಿದ. ಸುತ್ತ ನಿಂತವರೆಲ್ಲ ನಕ್ಕರು. ಮೇಷ್ಟ್ರು ಸೀಟಿ ಕೈಯಲ್ಲಿ ಹಿಡಿದು ಕಾದರು.

ಪಟ್ಟಿಯಿಲ್ಲದ ಚಡ್ಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ನಮ್ಮವನು ಓಡಿದ. ಮೊದಲ ಗೋಲು ಅವನದು, ಬಲಗಾಲಿನಿಂದ. ಹೊಡೆದ ಮೇಲೆ ಕೂರಲಿಲ್ಲ. ಆಮೇಲೆ ನಾನು ಮೂರು ಬಿಟ್ಟೆ, ೩–೧ರಿಂದ ಸೋತೆವು.

ಬಸ್ಸಿನಲ್ಲಿ ಬರುವಾಗ ಮೆಲ್ಬೋರ್ನಿನ ಕೊನೆಯ ಸುದ್ದಿ ಹೇಳಿದೆ. ಬಲ್ಗೇರಿಯದ ಎದುರು ೩–೦ರಿಂದ ಸೋತು ಭಾರತಕ್ಕೆ ನಾಲ್ಕನೇ ಸ್ಥಾನ.

"ಇಡೀ ಲೋಕದಾಗೆ?"

"ಆಡಿದ ದೇಶಗಳಲ್ಲಿ."

"ಹಂಗಾರೆ ಬೂಟು ಕೆಲ್ಸ ಮಾಡೈತಿ," ಎಂದು ಕಾಲನ್ನು ಮುಂದಿನ ಸೀಟಿನ ಕೆಳಗೆ ಚಾಚಿದ.

ಸಂಕ್ರಾಂತಿಯ ನಂತರ ಆನವಟ್ಟಿಯ ನಾಯಕ ಲಾಳ ಕಟ್ಟಿಸಲು ಜೋಡೆತ್ತು ಹೊಡೆದುಕೊಂಡು ಬಂದ. ಹೆಗಲಿನಿಂದ ತನ್ನ ಬೂಟುಗಳನ್ನೂ ಇಳಿಬಿಟ್ಟಿದ್ದ, ಬಿಲ್ಲೆಗಳು ಸವೆದಿದ್ದವು. ನಮ್ಮವನು ಎತ್ತುಗಳನ್ನು ನಿಲ್ಲಿಸಿ ಮೊದಲು ಬೂಟಿಗೆ ಕೈ ಹಾಕಿದ. ಅವನ ಬಲಗಾಲಿನಲ್ಲಿ ಅದೇ ಹಳೆಯ ಬೂಟಿತ್ತು, ಎಡಗಾಲು ಬರಿದು. ಸಂಜೆ ಅಭ್ಯಾಸಕ್ಕೆ ಬರುತ್ತೀಯಾ ಎಂದು ನಾನು ಕೇಳುವ ಅಗತ್ಯ ಬೀಳಲಿಲ್ಲ.