ಬಲ ಮೂಲೆಯ ಹೆಸರು

ಟೀಚರ್ ಅವರ ಬಲ ಅಂಗೈಯ ಬುಡದಲ್ಲಿ ಹುಣಸೆ ಬೀಜದಷ್ಟು ದಪ್ಪದ ಜಡ್ಡು ಇತ್ತು. ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತುವಾಗ ಉಳಿಯ ಹಿಡಿ ಕೂರುವ ಜಾಗ ಅದು. ಅಮೆರಿಕದ ಮಿಲ್ಪಿಟಾಸಿನ ನಮ್ಮ ಟೌನ್‌ಹೌಸ್ ಸಾಲಿನ ಹೆಂಗಸರು ಹಬ್ಬಕ್ಕೆ ಸೇರಿ ಹೊಸ ಬಳೆ ತೋರಿಸಿದರೆ, ಇವರು ಜಡ್ಡು ತೋರಿಸುತ್ತಿದ್ದರು.

ಧಾರವಾಡದಲ್ಲಿ ಡ್ರಾಯಿಂಗ್ ಕಲಿಸಿ, ನಿವೃತ್ತರಾಗಿ ಮಗಳ ಮನೆಗೆ ಬಂದವರು. ಅಳಿಯನ ಕಾರನ್ನು ಗ್ಯಾರೇಜಿನಿಂದ ಹೊರಗೆ ಹಾಕಿಸಿ ಅಲ್ಲಿ ಕೈಯಿಂದ ತಿರುಗಿಸುವ ಅಚ್ಚಿನ ಯಂತ್ರ ಇಟ್ಟುಕೊಂಡಿದ್ದರು. ಗೋಡೆಯಲ್ಲಿ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಒಂದು ಅಚ್ಚುಚಿತ್ರ: ನದಿಯ ತಿರುವು, ಕಲ್ಲಿನ ಸೇತುವೆ, ನೀರಿಗಿಳಿದ ದನಗಳು. ಕೆಳಗೆ ಎಡ ಮೂಲೆಯಲ್ಲಿ ಚಿತ್ರ ಬರೆದವನ ಹೆಸರು, ಬಲ ಮೂಲೆಯಲ್ಲಿ ಅದನ್ನು ತಗಡಿಗೆ ಕೆತ್ತಿದವನ ಹೆಸರು.

“ಬರದಾಂವ ಹೊಳಿ ದಂಡಿಗೆ ತಂಪಗ ಕುಂತು ಬರದು ಮನಿಗೆ ಹೋದ. ಈತ ತಿಂಗಳಗಟ್ಟಲೆ ಭೂತಗನ್ನಡಿ ಹಿಡದು ಕುಂತ. ಜನಕ್ಕ ಆತ ಗೊತ್ತು, ಈತ ಗೊತ್ತಿಲ್ಲ. ನನ್ನ ಗುರು ಈತನ,” ಎನ್ನುತ್ತಿದ್ದರು. ಎಂದೂ ಕಾಣದ ಆ ಇಂಗ್ಲಿಷಿನವನ ಮೇಲೆ ತವರಿನವರ ಮೇಲಿನಷ್ಟು ಅಭಿಮಾನ.

ನಾನು ಚಿಪ್ ಕಂಪನಿಯ ಇಂಜಿನಿಯರು. ಒಂದು ಶನಿವಾರ ಸುಮ್ಮನೆ ಇಣುಕಿದವಳನ್ನು ಹಿಡಿದು ಕೂರಿಸಿಬಿಟ್ಟರು. “ಉಳಿ ತಿರುವಬ್ಯಾಡ, ತಗಡು ತಿರುವು. ನೀರು ಕೆತ್ತಬ್ಯಾಡ, ದಂಡಿ ಕೆತ್ತು. ನೀರು ತಾನ ಬರ್ತದ.” ನಿಜವೇ. ಕೆತ್ತದೆ ಬಿಟ್ಟ ಜಾಗ ಕಾಗದದ ಬಿಳುಪಾಗಿ ಉಳಿದು ನೀರೇ ಆಗುತ್ತಿತ್ತು.

ಆಮೇಲೆ ಅವರ ಕೈ ನಡುಗತೊಡಗಿತು. ಫ್ರೀವೇ ಸೇತುವೆಯ ಕೆಳಗೆ ಹರಿಯುವ ನಮ್ಮೂರ ಬಡಕಲು ಹಳ್ಳವನ್ನು ಆ ಇಂಗ್ಲಿಷ್ ನದಿಯ ಗತ್ತಿನಲ್ಲೇ ಬರೆದಿದ್ದರು, ಕೆತ್ತಲಾಗಲಿಲ್ಲ. ಉಳಿಯನ್ನು ನನ್ನ ಕೈಗಿಟ್ಟರು. ಒಂದಿಡೀ ಬೇಸಿಗೆ ನಾನು ಕೆತ್ತಿದೆ, ಅವರು ಪಕ್ಕದಲ್ಲಿ ಕೂತು ಬೈದರು. ಕೊನೆಗೆ ಬಲ ಮೂಲೆಯಲ್ಲಿ ನನ್ನ ಹೆಸರನ್ನು ಹಟ ಹಿಡಿದು ಕೆತ್ತಿಸಿದರು.

ಊರಿನ ಲೈಬ್ರರಿಯ ಪ್ರದರ್ಶನದಲ್ಲಿ ಆ ಅಚ್ಚಿಗೆ ಹಾಕಿದ ಚೌಕಟ್ಟು ಹೆಸರುಗಳಿದ್ದ ಅಂಚನ್ನು ಮುಚ್ಚಿತ್ತು. ಪಕ್ಕದ ಚೀಟಿಯಲ್ಲಿ ಅವರೊಬ್ಬರದೇ ಹೆಸರು. ಟೀಚರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು, ಆದರೆ ಸಿಟ್ಟು ಬಂದರೆ ಧಾರವಾಡವೇ ಗತಿ.

“ಆಕೀಗೆ ಹೇಳು,” ಎಂದು ಲೈಬ್ರರಿಯಾಕೆಯತ್ತ ಬೆರಳು ಮಾಡಿದರು. “ಬರದಾಕಿ ನಾನು, ಕೆತ್ತಿದಾಕಿ ಈಕಿ. ಈಕಿ ಹೆಸರು ಹಾಕಲಿಲ್ಲಂದ್ರ ಚಿತ್ರ ಕೆಳಗ ಇಳಸ್ರಿ ಅಂತ ಹೇಳು.”

“ಇರ್ಲಿ ಬಿಡಿ ಟೀಚರ್. ನನ್ ಬಗ್ಗೆ ನಾನೇ ಹೇಗೆ ಹೇಳ್ಕೊಳ್ಳೋದು?”

“ಬಾಯಿ ಅದ ಅಲ್ಲ? ಜೋರಾಗಿ ಹೇಳು.”

ಹೇಳಿದೆ. ನನ್ನ ಹೊಗಳಿಕೆಯನ್ನು ನಾನೇ ಇಂಗ್ಲಿಷಿಗೆ ಅನುವಾದಿಸುವ ಪೇಚು ಶತ್ರುವಿಗೂ ಬೇಡ. ಆಕೆ ನಕ್ಕು ಹೊಸ ಚೀಟಿ ತಂದರು. ಅದನ್ನು ಅಂಟಿಸುವವರೆಗೂ ಟೀಚರ್ ಕುರ್ಚಿಯಲ್ಲಿ ಕೂರಲಿಲ್ಲ.

ಕಳೆದ ಚಳಿಗಾಲ ಟೀಚರ್ ತೀರಿಹೋದರು. ಆ ಹಳ್ಳ ಈಗ ನಮ್ಮ ಮನೆಯ ಗೋಡೆಯಲ್ಲಿದೆ, ಎರಡೂ ಮೂಲೆ ಕಾಣುವ ಹಾಗೆ. ಬಂದವರು ಇದು ಯಾರದು ಎಂದು ಕೇಳುತ್ತಾರೆ. ಮೊದಲು ಎಡಗಡೆಯ ಹೆಸರು ಹೇಳುತ್ತೇನೆ. ಆಮೇಲೆ, “ಕೆತ್ತಿದ್ದು ನಾನು,” ಎಂದು ಜೋರಾಗಿಯೇ ಹೇಳುತ್ತೇನೆ.